ಮೊಬೈಲೋ, ಸ್ವಂತ ಕ್ಯಾಮೆರಾವೋ, ಬಾಡಿಗೆ ಕ್ಯಾಮೆರಾಮನ್ನೋ?

ಮೇಷ್ಟ್ರ ಕೆಲಸದಿಂದ ನಿವೃತ್ತಿಯಾದ ಮೇಲೆ ನಾನು ಸಾಕ್ಷ್ಯಚಿತ್ರ ಮಾಡಲು ಶುರು ಮಾಡಿದೆ. ವಿಷಯ ನಮ್ಮ ಸಾಗರ ಸೀಮೆಯ ಅಡಿಕೆ ಕೊಯ್ಲು. ಮೊದಲು ಬಾಡಿಗೆಗೆ ಕ್ಯಾಮೆರಾಮನ್ ಕರೆಸಿದೆ. ಆಮೇಲೆ ಲೆನ್ಸ್ ಬದಲಿಸಬಹುದಾದ ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ ಕ್ಯಾಮೆರಾ ಕೊಂಡೆ. ಕೊನೆಗೆ ಜೇಬಿನಲ್ಲಿದ್ದ ಮೊಬೈಲಿನಲ್ಲೇ ತೆಗೆದೆ. ಮೂರರಲ್ಲೂ ಅದೇ ತೋಟ, ಅದೇ ಜನ. ನನ್ನ ವಯಸ್ಸಿನಲ್ಲಿ ಹೊಸದಾಗಿ ಶುರು ಮಾಡುವವರಿಗೆ ಮೊಬೈಲೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಅದು ಸೋಲುವ ಜಾಗಗಳೂ ಇವೆ.

ಮುಖ್ಯವಾಗಿ ಸೋಲುವುದು ಮರದ ಮೇಲೆ. ಮರ ಹತ್ತಿ ಅಡಿಕೆ ಕೊನೆ (ಗೊನೆ) ಕೊಯ್ಯುವ ಕೊನೆಗೌಡರು ಅಷ್ಟು ಎತ್ತರದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಾರೆ. ಕೆಳಗೆ ತೋಟದ ನೆರಳು, ಮೇಲೆ ಸೋಗೆಯ ಸಂದಿಯಲ್ಲಿ ಬೆಳ್ಳನೆ ಆಕಾಶ. ಮೊಬೈಲ್ ಮೇಲೆತ್ತಿದರೆ ಮನುಷ್ಯರು ಬರೀ ಕಪ್ಪಾಗಿ ಕಾಣುತ್ತಾರೆ. ಜೂಮ್ ಮಾಡಿದರೆ ಚಿತ್ರ ಒಡೆಯುತ್ತದೆ. ಮಿರರ್‌ಲೆಸ್‌ಗೆ ದೂರದ್ದನ್ನು ಹತ್ತಿರ ತೋರಿಸುವ 70-300 ಮಿ.ಮೀ. ಲೆನ್ಸ್ ಹಾಕಿದಾಗ, ಕೊನೆ ಕೊಯ್ದು ಹಗ್ಗದಲ್ಲಿ ಜಾರಿಸುವ ಅವರ ಕೈ ಸ್ಪಷ್ಟವಾಗಿ ಸಿಕ್ಕಿತು. ಇನ್ನೊಂದು ಲಾಭ ನಮ್ಮಂಥವರಿಗೇ. ಚಾಳೀಸು ಬಂದ ಕಣ್ಣಿಗೆ ಬಿಸಿಲಲ್ಲಿ ಮೊಬೈಲ್ ಪರದೆ ಕಾಣುವುದೇ ಇಲ್ಲ, ಅಲ್ವಾ? ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯ (ವ್ಯೂಫೈಂಡರ್) ಪಕ್ಕ ಡಯಾಪ್ಟರ್ ಅಂತ ಸಣ್ಣ ಚಕ್ರ ಇರುತ್ತದೆ. ಅದನ್ನು ನಮ್ಮ ಕಣ್ಣಿಗೆ ತಕ್ಕ ಹಾಗೆ ತಿರುಗಿಸಿಕೊಂಡರೆ ಕನ್ನಡಕ ಇಲ್ಲದೆಯೇ ಫೋಕಸ್ ತಿಳಿಯುತ್ತದೆ. ಕೆಲವು ಮಾಡೆಲ್ಲುಗಳಿಗೆ ವ್ಯೂಫೈಂಡರೇ ಇರುವುದಿಲ್ಲ. ಅದನ್ನು ನೋಡಿಯೇ ಕೊಂಡುಕೊಳ್ಳಿ.

ತೊಂದರೆ ಭಾರದ್ದು. ಕ್ಯಾಮೆರಾ, ಲೆನ್ಸ್, ಅಲುಗಾಟ ತಡೆಯುವ ಗಿಂಬಲ್ ಹಿಡಿಕೆ ಎಲ್ಲ ಸೇರಿದರೆ ಮಣಿಕಟ್ಟು ಬಹಳ ಹೊತ್ತು ತಡೆಯುವುದಿಲ್ಲ. ನಾನು ಗಿಂಬಲ್ ಬಿಟ್ಟು ಒಂಟಿ ಕಾಲಿನ ಸ್ಟ್ಯಾಂಡ್, ಅಂದರೆ ಮಾನೋಪಾಡ್, ಹಿಡಿದೆ.

ಬಾಡಿಗೆ ಕ್ಯಾಮೆರಾಮನ್ ತೆಗೆದ ಚಿತ್ರ ಮೂರರಲ್ಲಿ ಅತಿ ಚಂದ. ಬೆಳಗಿನ ಮಂಜು, ಅಡಿಕೆ ಬೇಯಿಸುವ ಹಂಡೆಯ ಹಬೆ, ಒಲೆಯ ಬೆಂಕಿ ಅವರಿಗೆ ಸಿಕ್ಕ ಹಾಗೆ ನನಗೆ ಸಿಗಲಿಲ್ಲ. ಆದರೆ ಅವರಿಗೆ ದಿನದ ಲೆಕ್ಕದಲ್ಲಿ ದುಡ್ಡು. ಕೊಯ್ಲು ನಾವು ಹೇಳಿದ ದಿನಕ್ಕೆ ಬರುವುದಿಲ್ಲ. ಕೊನೆಗೌಡರು ಸಿಗಬೇಕು, ಒಣಗಿಸಲು ಬಿಸಿಲು ಬೇಕು, ಮೋಡ ಕವಿದರೆ ಎಲ್ಲ ಮುಂದಕ್ಕೆ. ಅದಕ್ಕಿಂತ ದೊಡ್ಡ ತೊಂದರೆ ಮಾತಿನದು. ಅಡಿಕೆ ಸುಲಿಯುವ ಹೆಂಗಸರಲ್ಲಿ ಹೆಚ್ಚಿನವರು ನನ್ನ ಹತ್ತಿರ ಓದಿದವರು. ಆದರೂ ಲೈಟು, ಸ್ಟ್ಯಾಂಡು, ಹೊಸ ಮುಖ ಕಂಡೊಡನೆ ಸುಮ್ಮನಾದರು. "ಇವ್ರು ಹೋದ್ಮೇಲೆ ಹೇಳ್ತೀನಿ ಮೇಷ್ಟ್ರೇ" ಎಂದರು ಒಬ್ಬರು.

ಹೇಳಿದರು ಕೂಡ, ಮೊಬೈಲಿನ ಮುಂದೆ. ರಾತ್ರಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತು, ಕೈ ನಿಲ್ಲಿಸದೆ, ಸುಲಿದ ಕೂಲಿಯ ಲೆಕ್ಕ, ಬೆರಳಿನ ಗಾಯ, ಮಗಳ ಓದು ಎಲ್ಲ ಬಂತು. ಕತ್ತಲಲ್ಲಿ ಮೊಬೈಲಿನ ಚಿತ್ರಕ್ಕೆ ಸ್ವಲ್ಪ ಕಾಳು ಕಾಳಾದ ಚುಕ್ಕೆ ಬರುತ್ತದೆ ನಿಜ. ನಾನು ಆ ಚಿತ್ರವನ್ನೇ ಇಟ್ಟುಕೊಂಡೆ. ವರ್ಷಗಟ್ಟಲೆ ಊರಲ್ಲಿದ್ದು ಗಳಿಸಿದ ನಂಬಿಕೆ ಬಾಡಿಗೆಗೆ ಸಿಗುವ ವಸ್ತುವಲ್ಲ. ತಡವಾಗಿ ಶುರು ಮಾಡುವವರಿಗೆ ಇರುವ ದೊಡ್ಡ ಬಂಡವಾಳ ಅದೇ. ಫ್ರಾನ್ಸಿನ ಆಗ್ನೆಸ್ ವಾರ್ದಾ ಆಗಲೇ ಹೆಸರಾಂತ ನಿರ್ದೇಶಕಿ. ಆದರೂ ಎಪ್ಪತ್ತರ ಹೊತ್ತಿಗೆ ಪುಟ್ಟ ಡಿಜಿಟಲ್ ಕ್ಯಾಮೆರಾ ಹಿಡಿದು ಜನರ ನಡುವೆ ಹೋದರು. 2000ದಲ್ಲಿ ಬಂದ ಅವರ ಸಾಕ್ಷ್ಯಚಿತ್ರ ನೋಡಿದರೆ ಚಿಕ್ಕ ಕ್ಯಾಮೆರಾದ ಬಲ ಗೊತ್ತಾಗುತ್ತದೆ.

ಮೊಬೈಲ್ ಆರಿಸಿಕೊಂಡರೆ ಅದರ ಮಾಮೂಲಿ ಕ್ಯಾಮೆರಾ ಆ್ಯಪ್ ಬಿಟ್ಟುಬಿಡಿ. ಬೆಳಕು ಬದಲಾದರೆ ಅದು ತಾನೇ ಎಲ್ಲ ಬದಲಿಸುತ್ತದೆ. ಸೆಕೆಂಡಿಗೆ ಎಷ್ಟು ಫ್ರೇಮ್ (ಬಿಡಿಚಿತ್ರ) ಅನ್ನುವುದನ್ನೂ ಏರುಪೇರು ಮಾಡುವುದುಂಟು. ಆಗ ಬೇರೆ ರೆಕಾರ್ಡರಿನಲ್ಲಿ ಹಿಡಿದ ದನಿ ತುಟಿಗೆ ಹೊಂದುವುದಿಲ್ಲ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ. ಅದರಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಟ್ಟು, ಎಕ್ಸ್‌ಪೋಷರ್ (ಬೆಳಕಿನ ಮಟ್ಟ) ಮತ್ತು ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಲಾಕ್ ಮಾಡಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಹೀಗಿಟ್ಟರೆ ಟ್ಯೂಬ್‌ಲೈಟ್ ಮಿಣುಕುವುದಿಲ್ಲ. ಹಗಲು ಈ ಶಟರಿಗೆ ಬೆಳಕು ಜಾಸ್ತಿಯಾಗುತ್ತದೆ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು.

ದನಿಯಲ್ಲಿ ಮೊಬೈಲೂ ಮಿರರ್‌ಲೆಸ್ಸೂ ಒಂದೇ. ಎರಡರ ಒಳಗಿನ ಮೈಕೂ ದೂರದ ಮಾತಿಗೆ ಆಗುವುದಿಲ್ಲ. ಕತ್ತಿಯ ಸದ್ದು, ನಾಯಿ, ಗಾಳಿ ಎಲ್ಲ ಮುಂದೆ ಬಂದು ಮಾತು ಹಿಂದೆ ಉಳಿಯುತ್ತದೆ. ಕಾಲರಿಗೆ ಸಿಕ್ಕಿಸುವ ವೈರ್‌ಲೆಸ್ ಮೈಕ್ ತಂದ ಮೇಲೆ ನನ್ನ ಚಿತ್ರ ನೋಡಿದವರು ಕೊನೆತನಕ ಕೂತರು. ದುಡ್ಡು ಸ್ವಲ್ಪವೇ ಇದ್ದರೆ ಲೆನ್ಸಿಗಿಂತ ಮೊದಲು ಮೈಕ್ ಕೊಳ್ಳಿ.

ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿಯೇ ಸಾಕಾಯಿತು. ಹಳೆಯ ಲ್ಯಾಪ್‌ಟಾಪ್ 4ಕೆ (ತುಂಬಾ ಸೂಕ್ಷ್ಮವಾದ ವಿಡಿಯೊ) ಎಳೆಯದಿದ್ದರೆ ಪ್ರಾಕ್ಸಿ, ಅಂದರೆ ಎಡಿಟ್ ಮಾಡಲು ಹಗುರವಾದ ನಕಲು, ಮಾಡಿಕೊಳ್ಳಿ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ತೆಗೆದರೆ ಒಂದು ಗಂಟೆಗೆ ಸುಮಾರು 45 ಜಿಬಿ ಬೇಕು, ಹಾರ್ಡ್ ಡಿಸ್ಕ್ ಎರಡು ಇರಲಿ.

ಮುಂದಿನ ಚಿತ್ರಕ್ಕೆ ನಾನು ಮಾತುಕತೆಯನ್ನೆಲ್ಲ ಮೊಬೈಲಿನಲ್ಲೇ ತೆಗೆಯುತ್ತೇನೆ. ಮರದ ಮೇಲಿನ ಕೆಲಸಕ್ಕೆ ಮಿರರ್‌ಲೆಸ್. ಕ್ಯಾಮೆರಾಮನ್ನರನ್ನು ಮಾತಿಲ್ಲದ ದೃಶ್ಯಗಳಿಗೆ ಮಾತ್ರ ಕರೆಸುತ್ತೇನೆ. ಮೂರನ್ನೂ 25 ಫ್ರೇಮಿನಲ್ಲೇ ತೆಗೆಯಬೇಕು ಅಂತ ಅವರಿಗೆ ಮೊದಲೇ ಹೇಳಿಟ್ಟಿದ್ದೇನೆ.