ಮಿಯಾಟಾ ಹ್ಯಾಂಡ್ಲಿಂಗ್: ಬ್ರೇಸಾ, ಅಲೈನ್‌ಮೆಂಟಾ?

ತಿರುವಲ್ಲಿ ಕಾರು ಚೆನ್ನಾಗಿ ನಡ್ಕೋಬೇಕಂದ್ರೆ ಬಾಡಿ ಬಿಗಿ ಮಾಡೋ ಬ್ರೇಸ್ ಪಟ್ಟಿ ಹಾಕ್ಬೇಕಾ, ಚಕ್ರಗಳ ಕೋನ ಸರಿಮಾಡೋ ಅಲೈನ್‌ಮೆಂಟ್ ಮಾಡಿಸ್ಬೇಕಾ ಅನ್ನೋ ವಾದದಲ್ಲಿ, ಮೊದಲೇ ಹೇಳ್ಬಿಡ್ತೀನಿ, ನಂದು ಅಲೈನ್‌ಮೆಂಟ್ ಪಾರ್ಟಿ. ಬಾನೆಟ್ ಒಳಗೆ ಹಾಕೋ ಸ್ಟ್ರಟ್ ಬ್ರೇಸು, ಕಾರಿನ ಕೆಳಗಡೆ ಹಾಕೋ ರೈಲ್ ಬ್ರೇಸು ಎರಡನ್ನೂ ನನ್ನ ದುಡ್ಡಲ್ಲೇ ತಗೊಂಡು, ಹಾಕಿ, ಓಡಿಸಿ ಆಮೇಲೆ ಹೇಳ್ತಿರೋದು, ಹಾಗಾಗಿ ಬ್ರೇಸ್ ಪ್ರಿಯರು ಬೇಜಾರ್ ಮಾಡ್ಕೋಬೇಡಿ.

ಕಾರು 2003ರ ಮಜ್ದಾ ಮಿಯಾಟಾ, ಎರಡು ಸೀಟಿನ ಓಪನ್ ಕಾರು, 1.8 ಲೀಟರ್ ಇಂಜಿನ್ನು. ನಾನಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿ, ಆದ್ರೆ ಕಾರು ತನ್ನ ಆಯಸ್ಸಿನ ಮುಕ್ಕಾಲು ಪಾಲು ಕಳೆದಿದ್ದು ಓಹಾಯೋದಲ್ಲಿ, ಅದು ನೆನಪಿರ್ಲಿ, ಮುಂದೆ ಕಥೆ ಇದೆ. ಶನಿವಾರ ಬೆಳಗ್ಗೆ ಮನೇಲಿ ಯಾರೂ ಏಳೋಕ್ ಮುಂಚೆ ವುಡ್‌ಸೈಡಿಂದ 84ನೇ ಹೈವೇ ಹತ್ತಿ, ಬೆಟ್ಟದ ನೆತ್ತಿ ಮೇಲಿನ ಸ್ಕೈಲೈನ್ ರಸ್ತೆ ದಾಟಿ ಲಾ ಹೋಂಡಾ ಕಡೆ ಇಳಿದು ವಾಪಸ್ ಬರೋದು ನನ್ನ ಅಭ್ಯಾಸ. ಸಕಲೇಶಪುರದಲ್ಲಿ ಬೆಳೆದವನಿಗೆ ಬಿಸಿಲೆ ಘಾಟಿ ಕಡೆ ಹೋದಷ್ಟೇ ಖುಷಿ, ಜಿಗಣೆ ಒಂದಿಲ್ಲ ಅಷ್ಟೆ.

ಪ್ರಾಬ್ಲಮ್ ಏನಪ್ಪಾ ಅಂದ್ರೆ, ಇಳಿಜಾರಲ್ಲಿ ಬಲಕ್ಕೆ ತಿರುಗುವಾಗ ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಕಾರಿನ ಹಿಂಭಾಗ ಹೊರಗಡೆ ಜಾರೋಕೆ ಹೊರಡೋದು. ಎಡಕ್ಕೆ ತಿರುಗುವಾಗ ಏನೂ ಇಲ್ಲ, ಹಸು ಥರ ಸಾಧು. ಬುದ್ಧಿ ಇದ್ದೋನಾಗಿದ್ರೆ ಅಲ್ಲೇ ಗೊತ್ತಾಗ್ಬೇಕಿತ್ತು, ಬಾಡಿ ತಿರುಚ್ಕೊಂಡ್ರೆ ಎರಡೂ ಕಡೆ ತಿರುಚ್ಕೋಬೇಕು, ಒಂದೇ ಕಡೆ ಯಾಕೆ ಅಂತ. ನಾನು ಮೇಲೆ ಛಾವಣಿ ಇಲ್ಲದ ಕಾರು, ಬಾಡಿ ಬಳುಕ್ತಿದೆ, ಬ್ರೇಸ್ ಹಾಕಿದ್ರೆ ಸರಿಹೋಗತ್ತೆ ಅಂತ ನಾನೇ ತೀರ್ಮಾನ ಮಾಡ್ಬಿಟ್ಟೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.

ಮೊದಲು ಮುಂದಿನ ಸ್ಟ್ರಟ್ ಬ್ರೇಸ್, 140 ಡಾಲರ್. ಅರ್ಧ ಗಂಟೇಲಿ ಹಾಕಿದೆ, ಬಾನೆಟ್ ಎತ್ತಿದ್ರೆ ಫಳಫಳ ಅನ್ನತ್ತೆ. ಓಡಿಸಿದ್ರೆ ವ್ಯತ್ಯಾಸ? ಕಣ್ಣು ಕಟ್ಟಿ ಕೂರಿಸಿದ್ರೆ ನಂಗಂತೂ ಹೇಳೋಕಾಗಲ್ಲ. ಆಮೇಲೆ ತಲೆಗೆ ಹೋಯ್ತು. ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದ್ರೆ ಶಾಕ್ ಅಬ್ಸಾರ್ಬರೇ ಚಕ್ರವನ್ನ ಮೇಲಿಂದ ಹಿಡ್ಕೊಂಡಿರೋ ಸಸ್ಪೆನ್ಷನ್, ಇರೋ ಕಾರಲ್ಲಿ ಟರ್ನಿಂಗಲ್ಲಿ ಚಕ್ರಕ್ಕೆ ಬರೋ ಅಡ್ಡ ಒತ್ತಡದಲ್ಲಿ ಒಂದು ಪಾಲು ಅದು ಬಾಡಿಗೆ ಕೂರೋ ಮೇಲಿನ ಟವರ್‌ಗೂ ಬೀಳತ್ತೆ, ಟವರ್ ಅಲ್ಲಾಡಿದ್ರೆ ಕ್ಯಾಂಬರೂ, ಅಂದ್ರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರೋ ಕೋನವೂ ಬದಲಾಗತ್ತೆ, ಅಲ್ಲಿ ಎರಡು ಟವರ್ ಸೇರಿಸಿ ಒಂದು ಅಡ್ಡಪಟ್ಟಿ ಹಾಕೋದಕ್ಕೆ ಅರ್ಥ ಇದೆ. ಮಿಯಾಟಾದಲ್ಲಿ ನಾಲ್ಕೂ ಕಡೆ ಡಬಲ್ ವಿಶ್‌ಬೋನ್, ಅಂದ್ರೆ ಮೇಲೊಂದು ಕೆಳಗೊಂದು ಲೋಹದ ಕೈ ಚಕ್ರವನ್ನ ಹಿಡ್ಕೊಂಡಿರತ್ತೆ. ಅಡ್ಡ ಒತ್ತಡ ಬಹುಪಾಲು ಆ ಕೈಗಳ ಮೂಲಕ ಬಾಡಿ ಕೆಳಗಿರೋ ಸಬ್‌ಫ್ರೇಮ್ ಅನ್ನೋ ಚೌಕಟ್ಟಿಗೆ ಹೋಗತ್ತೆ, ಮೇಲಿನ ಟವರ್ ಸ್ಪ್ರಿಂಗಿನ ಭಾರ ಹೊರತ್ತೆ ಅಷ್ಟೆ. ಕೆಲಸ ಇಲ್ಲದ ಜಾಗದಲ್ಲಿ ನಾನು ಆಳು ನಿಲ್ಸಿದ್ದೆ.

ಎರಡನೇದು ಕೆಳಗಿನ ಫ್ರೇಮ್ ರೈಲ್ ಬ್ರೇಸ್, 280 ಡಾಲರ್. ಇದನ್ನ ಬೈಯಲ್ಲ. 880 ಹೈವೇಲಿ ಟ್ರಕ್ಕುಗಳು ಹಾಳುಮಾಡಿರೋ ರಸ್ತೆ ಮೇಲೆ ಮೊದಲು ಮಿರರು, ಡ್ಯಾಶ್‌ಬೋರ್ಡು ಎಲ್ಲ ಗಡಗಡ ಅಂತಿದ್ವು, ಅದು ಚೆನ್ನಾಗೇ ಕಮ್ಮಿ ಆಯ್ತು. ಈ ಕಾರಿನ ಕೆಳಗೆ ಉದ್ದಕ್ಕೆ ಹೋಗೋ ಫ್ರೇಮ್ ರೈಲ್ ಅಂದ್ರೆ ತೆಳು ತಗಡು, ಯಾರೋ ಹಳೇ ಓನರ್ ಅಲ್ಲೇ ಜಾಕ್ ಕೊಟ್ಟು ಸೊಟ್ಟ ಮಾಡಿರ್ತಾರೆ, ಬಡಿದು ನೇರ ಮಾಡ್ಕೊಂಡು ಹಾಕ್ಬೇಕು. ರಸ್ತೆ ಹಂಪಿಗೆ ಕಾರಿನ ತಳ ಉಜ್ಜೋ ಚಾನ್ಸೂ ಸ್ವಲ್ಪ ಜಾಸ್ತಿ. ಆದ್ರೆ ಬಲಕ್ಕೆ ತಿರುಗಿದ್ರೆ ಜಾರೋದು ಮಾತ್ರ ಹಾಗೇ ಇತ್ತು. 420 ಡಾಲರ್ ಖಾಲಿ.

ಕೊನೆಗೆ ಹತ್ತಿರದ ಒಂದು ಟೈರ್ ಅಂಗಡಿಗೆ ಅಲೈನ್‌ಮೆಂಟ್‌ಗೆ ಬಿಟ್ಟೆ. ಪ್ರಿಂಟ್ ಕೈಗೆ ಕೊಟ್ರು, ಮುಂದೆ ಎಲ್ಲ ಹಸಿರು, ಹಿಂದೆ ಎಡಗಡೆ ಮಾತ್ರ ಕೆಂಪು, ಟೋ ಔಟ್ (ಚಕ್ರದ ಮುಂಭಾಗ ಹೊರಕ್ಕೆ ತಿರುಗಿರೋದು) 0.3 ಡಿಗ್ರಿ. ಯಾಕ್ರೀ ಅಂದ್ರೆ "ಅದು ತಿರುಗಲ್ಲ ಸರ್" ಅಂದ್ರು, ದುಡ್ಡು ಮಾತ್ರ ಪೂರ್ತಿ ತಗೊಂಡ್ರು. ಆದ್ರೆ ಆ ಕೆಂಪು ಅಂಕೆ ನೋಡ್ತಿದ್ದ ಹಾಗೆ ಎಲ್ಲ ಅರ್ಥ ಆಗೋಯ್ತು. ಬಲಕ್ಕೆ ತಿರುಗಿದಾಗ ಭಾರ ಬೀಳೋದು ಹಿಂದಿನ ಎಡ ಚಕ್ರದ ಮೇಲೆ, ಆ ಚಕ್ರದ ಮುಖವೇ ಹೊರಗಡೆ ಇದ್ರೆ ಅದು ಕಾರಿನ ಹಿಂಭಾಗವನ್ನ ಹೊರಗೆ ಎಳೀದೇ ಇನ್ನೇನು ಮಾಡತ್ತೆ?

ಈಗ ಓಹಾಯೋ ವಿಷ್ಯ. ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರೆ. ಈ ಕಾರಲ್ಲಿ ತಿರುಗಿಸಿದ್ರೆ ಕೈಯನ್ನ ಆಚೀಚೆ ಸರಿಸೋ ಕ್ಯಾಮ್ ಬೋಲ್ಟ್ ಒಟ್ಟು ಎಂಟು, ಕೆಳಗಿನ ಕೈಗಳ ಬುಡದಲ್ಲಿ ಒಂದೊಂದು ಚಕ್ರಕ್ಕೆ ಎರಡೆರಡು, ಹಿಂದಿನ ಚಕ್ರದ ಟೋ, ಕ್ಯಾಂಬರ್ ಎರಡೂ ಇವನ್ನ ತಿರುಗಿಸಿಯೇ ಸೆಟ್ ಮಾಡ್ಬೇಕು. ಹಿಂದಿನ ನಾಲ್ಕರಲ್ಲಿ ಮೂರು ಅಲ್ಲಿರೋ ರಬ್ಬರ್ ಬುಶ್ಶಿನ ಒಳಗಿನ ಕಬ್ಬಿಣದ ಕೊಳವೆಗೆ ತುಕ್ಕು ಹಿಡಿದು ಅಂಟ್ಕೊಂಡಿದ್ವು. ನಟ್ ಆರಾಮಾಗಿ ಬಿಚ್ಕೊಳ್ಳತ್ತೆ, ಅದೇ ಮೋಸ. ಬೋಲ್ಟ್ ತಿರುಗಿಸಿದ್ರೆ ತಿರುಗಿದ ಹಾಗೆ ಆಗತ್ತೆ, ಸ್ಪ್ಯಾನರ್ ಬಿಟ್ರೆ ರಬ್ಬರ್ ಜೊತೆ ವಾಪಸ್ ಬಂದು ಮೊದಲಿದ್ದ ಜಾಗದಲ್ಲೇ ಕೂರತ್ತೆ.

ತುಕ್ಕು ಬಿಡಿಸೋ ಎಣ್ಣೆ ಮೂರು ರಾತ್ರಿ ಹಾಕಿದೆ. ಸುತ್ತಿಗೇಲಿ ಬಡಿದೆ. ಗ್ಯಾಸ್ ಟಾರ್ಚಲ್ಲಿ ಕಾಯಿಸಿದ್ರೆ ರಬ್ಬರ್ ಸುಟ್ಟ ವಾಸನೆ ಮನೆಯೊಳಗೆಲ್ಲ ಹೋಗಿ ನನ್ನ ಹೆಂಡತಿ ಗ್ಯಾರೇಜ್ ಬಾಗಿಲಿಗೆ ಬಂದು ಏನೂ ಮಾತಾಡ್ದೆ ನೋಡಿ ಹೋದಳು, ಬೈದಿದ್ರೇ ವಾಸಿ ಇತ್ತು. ಕೊನೆಗೆ ಎಲೆಕ್ಟ್ರಿಕ್ ಗರಗಸ ಬಾಡಿಗೆಗೆ ತಂದು ಬ್ರಾಕೆಟ್ಟಿಗೂ ಬುಶ್ಶಿಗೂ ಮಧ್ಯೆ ಬ್ಲೇಡ್ ತೂರಿಸಿ ಒಂದೊಂದು ಬೋಲ್ಟನ್ನೂ ಎರಡೆರಡು ಕಡೆ ಕತ್ತರಿಸಿದೆ, ಐದು ಬ್ಲೇಡ್ ಹೋಯ್ತು, ಎರಡು ವೀಕೆಂಡ್ ಹೋಯ್ತು. ಹೊಸ ಬೋಲ್ಟು, ಹೊಸ ಬುಶ್ಶು ಸೇರಿ 190 ಡಾಲರ್. ಈ ಸಲ ಬೋಲ್ಟಿಗೆ ಮತ್ತೆ ಅಂಟ್ಕೊಳ್ಳದ ಹಾಗೆ ಧಾರಾಳವಾಗಿ ಆ್ಯಂಟಿಸೀಜ್ ಪೇಸ್ಟ್ ಬಳಿದೆ. ಇನ್ನೊಂದು ಮಾತು, ರಬ್ಬರ್ ಬುಶ್ ಹಾಕಿದ್ರೆ ಬೋಲ್ಟನ್ನ ಕೊನೇದಾಗಿ ಬಿಗಿ ಮಾಡೋದು ಕಾರಿನ ಭಾರ ಚಕ್ರದ ಮೇಲೆ ಇದ್ದಾಗಲೇ. ಕೈ ನೇತಾಡ್ತಿರುವಾಗ ಬಿಗಿ ಮಾಡಿದ್ರೆ ಕಾರು ಇಳಿಸಿದ ಕ್ಷಣದಿಂದ ರಬ್ಬರ್ ತಿರುಚ್ಕೊಂಡೇ ಇರತ್ತೆ, ಬೇಗ ಹರಿಯತ್ತೆ.

ಆಮೇಲೆ ರೇಸ್ ಟ್ರ್ಯಾಕ್ ಕಾರು ಮಾಡೋ ಒಬ್ಬರ ಹತ್ರ ಅಲೈನ್‌ಮೆಂಟ್‌ಗೆ ಹೋದೆ, 220 ಡಾಲರ್. ಡ್ರೈವರ್ ಸೀಟಲ್ಲಿ ನನ್ನ ತೂಕದಷ್ಟು ಮರಳು ಚೀಲ ಇಟ್ಟು, ಮೊದಲು ಹಿಂದಿಂದು, ಆಮೇಲೆ ಮುಂದಿಂದು, ಟೋ ಕೊನೆಗೆ, ಯಾಕಂದ್ರೆ ಕ್ಯಾಂಬರ್ ಮುಟ್ಟಿದ್ರೆ ಟೋ ಬದಲಾಗತ್ತೆ. ಮುಂದೆ ಕ್ಯಾಂಬರ್ ಮೈನಸ್ 1.3 ಡಿಗ್ರಿ (ಮೈನಸ್ ಅಂದ್ರೆ ಚಕ್ರದ ಮೇಲ್ಭಾಗ ಒಳಕ್ಕೆ), ಟೋ ಸೊನ್ನೆ, ಕ್ಯಾಸ್ಟರ್ (ಸ್ಟೀರಿಂಗ್ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋ ಕೋನ) 5ರ ಮೇಲೆ. ಹಿಂದೆ ಕ್ಯಾಂಬರ್ ಮೈನಸ್ 1.8, ಎರಡೂ ಚಕ್ರ ಸೇರಿ 0.15 ಡಿಗ್ರಿ ಟೋ ಇನ್. ಮುಂದೆ ಟೋ ಔಟ್ ಕೊಟ್ರೆ ಇನ್ನೂ ಚುರುಕಾಗಿ ತಿರುಗತ್ತೆ ಅಂದ್ರು, ದಿನಾ ಆಫೀಸಿಗೂ ಇದ್ರಲ್ಲೇ ಹೋಗೋನು, ಬೇಡ ಅಂದೆ.

ಮುಂದಿನ ಶನಿವಾರ ಅದೇ ಇಳಿಜಾರು, ಅದೇ ಬಲ ತಿರುವು, ಬೇಕಂತಲೇ ಕಾಲು ತೆಗೆದೆ. ಮೂಗು ಸ್ವಲ್ಪ ಒಳಕ್ಕೆ ತಿರುಗ್ತು, ಹಿಂಭಾಗ ಗಪ್‌ಚಿಪ್ಪಾಗಿ ಹಿಂದೆ ಬಂತು. ಅಲ್ಲೇ ಪಕ್ಕಕ್ಕೆ ನಿಲ್ಸಿ ಫ್ಲಾಸ್ಕಲ್ಲಿದ್ದ ಕಾಫಿ ಕುಡಿದೆ.

ಹೊಸದಾಗಿ ತಗೊಳೋರು ಸ್ಟ್ರಟ್ ಬ್ರೇಸಿನ 140 ಉಳಿಸಿ ಕ್ಯಾಮ್ ಬೋಲ್ಟ್ ತಿರುಗತ್ತಾ ಅಂತ ಮೊದಲು ನೋಡಿಸಿ, ಕಾರು ಕೊಳ್ಳೋಕ್ ಮುಂಚೆನೇ ನೋಡಿಸಿದ್ರೆ ಇನ್ನೂ ಒಳ್ಳೇದು. ರೈಲ್ ಬ್ರೇಸು ಗಡಗಡ ಸಹಿಸೋಕಾಗ್ದೇ ಇದ್ರೆ ಆಮೇಲೆ ಹಾಕ್ಸಿ.

ಮೈಸೂರಲ್ಲಿರೋ ನನ್ನ ಭಾವಮೈದ ಇದನ್ನೆಲ್ಲ ಕೇಳಿ "ಹಂಗಾದ್ರೆ ನನ್ ಪೋಲೋಗೂ ಬ್ರೇಸ್ ಬೇಡ್ವಾ ಭಾವ?" ಅಂದ. ಅವನ ಕಥೆನೇ ಬೇರೆ. ಮುಂದೆ ಮ್ಯಾಕ್‌ಫರ್ಸನ್, ಹಿಂದೆ ಎರಡೂ ಚಕ್ರ ಸೇರಿಸೋ ಟಾರ್ಷನ್ ಬೀಮ್ ಅನ್ನೋ ಒಂದೇ ತೊಲೆ, ಮುಂದಿನ ಟೋ ಬಿಟ್ರೆ ಸುಲಭವಾಗಿ ತಿರುಗಿಸೋಕೆ ಅದ್ರಲ್ಲಿ ಏನೂ ಇಲ್ಲ. ನನ್ನ ಬ್ರೇಸ್ ಅದಕ್ಕೆ ಕೂರೋ ಹಾಗಿದ್ದಿದ್ರೆ ಮುಂದಿನ ಸಲ ಊರಿಗೆ ಹೋಗುವಾಗ ಸೂಟ್‌ಕೇಸಲ್ಲಿ ಹಾಕ್ಕೊಂಡು ಹೋಗಿ ಕೊಟ್ಬಿಡ್ತಿದ್ದೆ.