ಒಂದೇ ಇರುವೆ, ನಾಲ್ಕು ಮೈಕ್ರೋಸ್ಕೋಪು: ನಾನು ನೋಡಿದ್ದು ಹಿಂಗೆ

"ಎಷ್ಟು ಎಕ್ಸ್ ಬರತ್ತೆ?" ಅಂದ್ರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣತ್ತೆ ಅಂತ. ಮೈಕ್ರೋಸ್ಕೋಪ್ ಅಂದ ತಕ್ಷಣ ಎಲ್ರೂ ಕೇಳೋದು ಇದನ್ನೇ, ನಾನೂ ಹಂಗೇ ಕೇಳ್ತಿದ್ದವನು. ಆಮೇಲೆ ಒಂದು ಸತ್ತ ಇರುವೆ, ಒಂದಿಷ್ಟು ಈರುಳ್ಳಿ ಪೊರೆ, ಒಂದು ಬಾಟ್ಲಿ ಕೆರೆ ನೀರು ಇಟ್ಕೊಂಡು ಕಾಂಪೌಂಡ್, ಸ್ಟೀರಿಯೊ, ಯುಎಸ್‌ಬಿ, ಫೋಲ್ಡ್‌ಸ್ಕೋಪ್ ಅಂತ ನಾಲ್ಕು ಥರದ ಮೈಕ್ರೋಸ್ಕೋಪಲ್ಲೂ ಅದನ್ನೇ ನೋಡ್ದೆ.

ಕಾಂಪೌಂಡ್ ಅಂದ್ರೆ ಶಾಲೆ ಲ್ಯಾಬಲ್ಲಿ ಇರತ್ತಲ್ಲ, ಆ ಮೈಕ್ರೋಸ್ಕೋಪು. ಅದ್ರಲ್ಲಿ ಇರುವೆ ಇಟ್ರೆ ಬರೀ ಕರೀ ನೆರಳು. ಅದ್ರಲ್ಲಿ ಬೆಳಕು ಕೆಳಗಿಂದ ಬಂದು ವಸ್ತು ಒಳಗೆ ಹಾದು ಕಣ್ಣಿಗೆ ಬರಬೇಕು, ಇರುವೆ ಮೈ ತೂರ್ಕೊಂಡು ಎಲ್ಲಿ ಬರತ್ತೆ! ಅದೇ ಈರುಳ್ಳಿಯ ಒಳಪೊರೆ ತೆಗೆದು ಒಂದು ಹನಿ ಅಯೋಡಿನ್ ಹಾಕಿ ನೋಡ್ರಿ, ಇಟ್ಟಿಗೆ ಗೋಡೆ ಥರ ಸಾಲು ಸಾಲು ಕೋಶ, ಒಂದೊಂದ್ರಲ್ಲೂ ಕಂದು ಚುಕ್ಕೆ, ಅದೇ ನ್ಯೂಕ್ಲಿಯಸ್ಸು. ಇಷ್ಟು ಕಾಣಕ್ಕೆ 10ರ ಐಪೀಸು (ಕಣ್ಣಿಡೋ ಲೆನ್ಸು), 10ರ ಆಬ್ಜೆಕ್ಟಿವು (ಸ್ಲೈಡ್ ಕಡೆಯ ಲೆನ್ಸು), ಅಂದ್ರೆ 100 ಪಟ್ಟು ಸಾಕು. ಮೇಲೆ ಮುಚ್ಚೋ ತೆಳು ಗಾಜು, ಅದೇ ಕವರ್‌ಸ್ಲಿಪ್ಪನ್ನ ಓರೆಯಾಗಿ ಒಂದು ಕಡೆಯಿಂದ ಮೆಲ್ಲಗೆ ಇಳಿಸ್ಬೇಕು, ಇಲ್ಲಾಂದ್ರೆ ಗಾಳಿ ಗುಳ್ಳೆ ಸಿಕ್ಕಾಕೊಳ್ಳತ್ತೆ. ದಪ್ಪ ಕರೀ ಅಂಚಿನ ಆ ಗುಂಡನ್ನ ಕೋಶ ಅನ್ಕೊಂಡು ಚಿತ್ರ ಬೇರೆ ಬರೆದಿದ್ದೆ ನಾನು.

ಫೋಕಸ್ ವಿಷ್ಯದಲ್ಲಿ ನನ್ನ ತಪ್ಪು ನೀವು ಮಾಡ್ಬೇಡಿ. ಯಾವಾಗ್ಲೂ 4ರ ಆಬ್ಜೆಕ್ಟಿವಿಂದ ಶುರು ಮಾಡಿ 10, ಆಮೇಲೆ 40. 40ಕ್ಕೆ ಬಂದ್ಮೇಲೆ ಲೆನ್ಸಿಗೂ ಸ್ಲೈಡಿಗೂ ಮಧ್ಯೆ ಒಂದು ಮಿಲಿಮೀಟರೂ ಇರಲ್ಲ, ಅಲ್ಲಿ ಸಣ್ಣ ತಿರುಪು ಮಾತ್ರ ಮುಟ್ಟೋದು. ನಾನು ದೊಡ್ಡದನ್ನ ತಿರುಗಿಸ್ದೆ, ಚಿಟ್ ಅಂತ ಸದ್ದು, ಕವರ್‌ಸ್ಲಿಪ್ ಎರಡು ಹೋಳು. ಇನ್ನು 100ರ ಲೆನ್ಸಿಗೆ ಎಣ್ಣೆ ಬೇಕು, ಆ ಎಣ್ಣೆ ಹಾಕಿದ ಸ್ಲೈಡ್ ಮೇಲೆ ಹಿಂದಕ್ಕೆ 40ನ್ನ ತಿರುಗಿಸಿದ್ರೆ ಅದಕ್ಕೂ ಮೆತ್ಕೊಳ್ಳತ್ತೆ, ಎರಡು ದಿನ ಎಲ್ಲಾ ಮಂಜು ಮಂಜು, ಕಣ್ಣೇ ಕೆಟ್ಟಿದೆ ಅನ್ಕೊಂಡಿದ್ದೆ.

ಕೆರೆ ನೀರಿಗೆ ಮಾತ್ರ ಕಾಂಪೌಂಡಿಗೆ ಸಾಟಿ ಇಲ್ಲ. ಪ್ಯಾರಮೀಸಿಯಂ ಅನ್ನೋ ಒಂದೇ ಕೋಶದ ಜೀವಿ ಚಪ್ಪಲಿ ಆಕಾರದಲ್ಲಿ ಉರುಳ್ಕೊಂಡು ಓಡ್ತಿರತ್ತೆ, ಚಿತ್ರ ತಲೆಕೆಳಗಾಗಿರೋದ್ರಿಂದ ಅದು ಬಲಕ್ಕೆ ಹೋದ್ರೆ ನಾವು ಸ್ಲೈಡನ್ನೂ ಬಲಕ್ಕೇ ತಳ್ಳಬೇಕು, ಕೈ ಒಪ್ಪಲ್ಲ. ಎಲ್ಲಾ ಬೆಳ್ಳಗೆ ಮಸುಕಾಗಿದ್ರೆ ಬೆಳಕು ಜಾಸ್ತಿ ಮಾಡ್ಬೇಡಿ, ಸ್ಲೈಡಿನ ಕೆಳಗೆ ಬೆಳಕು ಬರೋ ಕಿಂಡಿ, ಅಂದ್ರೆ ಡಯಾಫ್ರಂ ಸ್ವಲ್ಪ ಮುಚ್ಚಿ, ಅಂಚು ಎದ್ದು ಬರತ್ತೆ.

ಸ್ಟೀರಿಯೊಗೆ ಬಂದೆ. ಬರೀ 20 ಪಟ್ಟು, ಆದ್ರೆ ಅದೇ ಇರುವೆ ಎದುರಿಗೇ ಬಂದು ನಿಂತ ಹಾಗೆ! ಮೊಣಕೈ ಥರ ಮಡಚಿದ ಮೀಸೆ, ಮೈಮೇಲಿನ ಕೂದಲು, ಜರಡಿಯಂಥ ಕಣ್ಣು, ಎಲ್ಲಾ ನೇರವಾಗಿ, ಆಳ ಸಮೇತ. ಎರಡು ಕಣ್ಣಿಗೂ ಬೇರೆ ಬೇರೆ ಕೋನದಿಂದ ಚಿತ್ರ ಹೋಗೋದ್ರಿಂದ ಹಾಗೆ ಕಾಣೋದು. ಕೆಳಗೆ ಜಾಗ ಧಾರಾಳ, ಚಿಮಟ ಹಿಡ್ಕೊಂಡು ಕಾಲು ಸರಿಮಾಡಬಹುದು. ಪ್ಯಾರಮೀಸಿಯಂ ಮಾತ್ರ ಇದ್ರಲ್ಲಿ ಬಿಳೀ ಚುಕ್ಕೆ ಅಷ್ಟೇ. ನನ್ನ ಟೇಬಲ್ ಮೇಲೆ ಯಾವಾಗ್ಲೂ ಕವರ್ ತೆಗೆದೇ ಇರೋದು ಇದೇ, ಕಾಂಪೌಂಡ್ ಕೆರೆ ನೀರು ಬಂದಾಗ ಹೊರಗೆ ಬರತ್ತೆ. ಒಂದೇ ತಗೊಳ್ಳೋದು, ಅದೂ ಹುಳಹುಪ್ಪಟೆ, ಕಲ್ಲು, ಹೂ ನೋಡಕ್ಕೆ ಅಂದ್ರೆ ಸ್ಟೀರಿಯೊ ಅಂತೀನಿ. ಕೋಶ ನೋಡ್ಬೇಕು ಅಂದ್ರೆ ಕಾಂಪೌಂಡ್ ಬಿಟ್ರೆ ದಾರಿ ಇಲ್ಲ, ಆದ್ರೆ 100ರ ಲೆನ್ಸಿಗಿಂತ ಆಚೆಗೆ ಆಸೆ ಪಡ್ಬೇಡಿ. ಬೆಳಕಿನ ಮೈಕ್ರೋಸ್ಕೋಪಿಗೆ ಸುಮಾರು 0.2 ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಹತ್ತಿರದ ಎರಡು ಚುಕ್ಕೆ ಬೇರೆಯಾಗಿ ಕಾಣಲ್ಲ ಅನ್ನೋ ಮಿತಿಯ ಲೆಕ್ಕವನ್ನ ಜರ್ಮನಿಯ ವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲೇ ಕೊಟ್ಟಿದ್ದಾರೆ, ಅದ್ರಾಚೆ ದೊಡ್ಡದು ಮಾಡಿದ್ರೆ ಮಸುಕೇ ದೊಡ್ಡದಾಗೋದು.

ಮೂರನೇದು ಕಂಪ್ಯೂಟರಿಗೆ ಸಿಕ್ಕಿಸಿ ಸ್ಕ್ರೀನಲ್ಲಿ ನೋಡೋ ಯುಎಸ್‌ಬಿ ಮೈಕ್ರೋಸ್ಕೋಪು. ಅದರ ಡಬ್ಬಿ ಮೇಲೆ 1000ಎಕ್ಸ್ ಅಂತಿತ್ತು. ಸ್ಕ್ರೀನ್ ದೊಡ್ಡದಾದಷ್ಟೂ ಆ ನಂಬರ್ ಬೆಳೆಯತ್ತೆ, ವಿವರ ಬೆಳೆಯಲ್ಲ. ಅಡಿಯಲ್ಲಿ ಸ್ಕೇಲ್ ಇಟ್ಟು ಸ್ಕ್ರೀನಲ್ಲಿ ಎಷ್ಟು ಮಿಲಿಮೀಟರ್ ಹಿಡಿಸತ್ತೆ ನೋಡಿ, ನಿಜ ಗೊತ್ತಾಗತ್ತೆ. ಸ್ಟ್ಯಾಂಡ್ ಇಲ್ದೆ ಕೈಯಲ್ಲಿ ಹಿಡಿದ್ರೆ ಭೂಕಂಪ. ಆದ್ರೂ ನಾಲ್ಕು ಜನಕ್ಕೆ ಒಟ್ಟಿಗೆ ತೋರ್ಸಕ್ಕೆ ಚೆನ್ನಾಗಿದೆ.

ಕೊನೇದು ಕಾಗದದ ಫೋಲ್ಡ್‌ಸ್ಕೋಪ್. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ತಂಡದ್ದು, 140 ಪಟ್ಟು, ಮಡಚಿ ಜೋಡಿಸ್ಕೋಬೇಕು. ರೆಪ್ಪೆ ತಾಗೋಷ್ಟು ಹತ್ರ ತಂದು ಬೆಳಕಿನ ಕಡೆ ಹಿಡೀಬೇಕು, ಮೊದ್ಲ ಹತ್ತು ನಿಮಿಷ ನನ್ನ ರೆಪ್ಪೆಗೂದಲೇ ನೋಡಿದ್ದು ಬಿಡಿ. ಆದ್ರೆ ಕಾಂಪೌಂಡ್ ಹೊತ್ಕೊಂಡು ಕೆರೆ ದಂಡೆಗೆ ಹೋಗಕ್ಕಾಗತ್ತಾ? ಇದನ್ನ ಜೇಬಲ್ಲಿ ಹಾಕ್ಕೊಂಡು ಹೋಗಿ, ಯಾವ ಮೂಲೆಯ ನೀರಲ್ಲಿ ಜೀವ ಜಾಸ್ತಿ ಅಂತ ಅಲ್ಲೇ ನೋಡಿ, ಆ ನೀರನ್ನೇ ಬಾಟ್ಲಿಗೆ ತುಂಬಿಸ್ಕೊಂಡು ಬರ್ತೀನಿ.