ಸಿಯಾಟಲ್ ಧಕ್ಕೆಯಲ್ಲಿ ಅರ್ಧ ದಿನ: ಮೀನುಮರಿಗೆ ಬೆಳಕು ಬಿಟ್ಟ ಗೋಡೆ

ಉಳ್ಳಾಲದ ನನ್ನ ತವರುಮನೆಯ ಪಶ್ಚಿಮಕ್ಕೆ ಈಗ ತೋಟವಿಲ್ಲ, ಕಲ್ಲಿನ ರಾಶಿಯಿದೆ. ಒಂದೊಂದು ಮಳೆಗಾಲ ಒಂದೊಂದು ಸಾಲು ತೆಂಗನ್ನು ಕಡಲು ಕೊಂಡುಹೋದ ಮೇಲೆ ಲಾರಿಗಳಲ್ಲಿ ಬಂಡೆ ತಂದು ಸುರಿದರು. ಹಾಗಾಗಿ ಯಾವ ಊರಿಗೆ ಹೋದರೂ ನೀರಿನ ಅಂಚಿಗೆ ಅಲ್ಲಿನವರು ಏನು ಕಟ್ಟಿಕೊಂಡಿದ್ದಾರೆ ಎಂದು ನೋಡುವುದು ನನಗೆ ಅಭ್ಯಾಸ. 2025ರ ಮೇ ತಿಂಗಳಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ರೆಡ್ಮಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವಳು ನಮ್ಮಿಬ್ಬರಿಗೆ ಸಿಯಾಟಲ್ ಕಡಲಂಚಿನ ಅರ್ಧ ದಿನದ ನಡಿಗೆ ಪ್ರವಾಸ ಕಾಯ್ದಿರಿಸಿದಳು. ಅಕ್ವೇರಿಯಂ ಪ್ರವೇಶವೂ ಸೇರಿ ಒಬ್ಬರಿಗೆ ಸುಮಾರು 110 ಡಾಲರ್. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದು ಗಂಟೆಯವರೆಗೆ. ಗುಂಪಿನಲ್ಲಿ ಹನ್ನೊಂದು ಜನ. ಮಕ್ಕಳ ಮನೆಗೆ ಬಂದು ಆ ಊರನ್ನು ಮಾಲ್‌ಗಳಲ್ಲಿ ಮಾತ್ರ ನೋಡಿ ಹಿಂತಿರುಗುವ ನಮ್ಮ ವಯಸ್ಸಿನವರು ಇದಕ್ಕೆ ಹೋಗಲೇಬೇಕು ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಕೊನೆಯ ಒಂದೂಕಾಲು ಗಂಟೆಯ ಬಗ್ಗೆ ನನಗೆ ದೊಡ್ಡ ತಕರಾರಿದೆ.

ಪ್ರವಾಸ ಆರಂಭವಾಗುವುದು ಪೈಕ್ ಪ್ಲೇಸ್ ಮಾರುಕಟ್ಟೆಯ ದೊಡ್ಡ ಗಡಿಯಾರದ ಕೆಳಗೆ. ನಮ್ಮ ಮಾರ್ಗದರ್ಶಿ ಐವತ್ತರ ಆಸುಪಾಸಿನ ಹೆಂಗಸು. ಮಳೆಯಂಗಿ, ಗಟ್ಟಿ ಬೂಟು, ಹೆಗಲಿಗೊಂದು ಬಟ್ಟೆ ಚೀಲ. ನನ್ನ ಗಂಡನ ಮೊಣಕಾಲು ನೋವು ಗೊತ್ತಾದ ಕ್ಷಣದಿಂದ ನಡಿಗೆಯ ವೇಗವನ್ನು ಅವರಿಗೆ ಹೊಂದಿಸಿಕೊಂಡಳು, ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರ ಕಿವಿಗೂ ಒಂದೊಂದು ಪುಟ್ಟ ಧ್ವನಿಯಂತ್ರ ಕೊಟ್ಟಿದ್ದರು. ನನ್ನದು ಅರ್ಧ ಗಂಟೆಯಲ್ಲಿ ನಿಂತುಹೋಯಿತು, ಬದಲಿ ಇರಲಿಲ್ಲ. ಅಷ್ಟು ಹಣ ಪಡೆಯುವ ಕಂಪನಿ ಒಂದು ಹೆಚ್ಚುವರಿ ಯಂತ್ರ ಇಟ್ಟುಕೊಳ್ಳಬೇಕಿತ್ತು. ಉಳಿದ ಹೊತ್ತೆಲ್ಲ ಆಕೆಯ ಪಕ್ಕಕ್ಕೇ ಅಂಟಿಕೊಂಡು ನಡೆದೆ.

ಮಾರುಕಟ್ಟೆ ಶುರುವಾದದ್ದು 1907ರ ಆಗಸ್ಟ್ 17ರಂದು. ದಲ್ಲಾಳಿಗಳ ಕೈಯಲ್ಲಿ ಈರುಳ್ಳಿಯ ಬೆಲೆ ಏರಿ ಜನ ರೇಗಿದ್ದ ಕಾಲ. ರೈತರೇ ನೇರವಾಗಿ ಗಾಡಿ ತಂದು ಮಾರಲಿ ಎಂದು ನಗರಸಭೆ ಜಾಗ ಕೊಟ್ಟಿತು. ಕಟ್ಟೆಗಳಲ್ಲಿ ಕುಳಿತು ತರಕಾರಿ ಮಾರುತ್ತಿದ್ದವರಲ್ಲಿ ಜಪಾನಿ ಮೂಲದ ರೈತರು ಬಹಳ ಮಂದಿ. 1942ರಲ್ಲಿ ಯುದ್ಧದ ನೆಪದಲ್ಲಿ ಅವರನ್ನು ಮನೆ, ಹೊಲ ಬಿಡಿಸಿ ಶಿಬಿರಗಳಿಗೆ ಸಾಗಿಸಿದಾಗ ಕಟ್ಟೆಗಳು ಖಾಲಿಬಿದ್ದವು ಎಂಬುದನ್ನು ಆಕೆ ತಗ್ಗಿದ ದನಿಯಲ್ಲಿ ಹೇಳಿದಳು. ಮಾರುಕಟ್ಟೆಯನ್ನೇ ಕೆಡವಿ ಹೊಸ ಕಟ್ಟಡ ಎಬ್ಬಿಸುವ ಯೋಜನೆಯನ್ನು 1971ರಲ್ಲಿ ಊರಿನವರು ಮತ ಹಾಕಿ ತಡೆದರಂತೆ. ಮೀನು ಎಸೆದು ಹಿಡಿಯುವ ಪ್ರಸಿದ್ಧ ಅಂಗಡಿಯ ಮುಂದೆ ಎಲ್ಲರೂ ಮೊಬೈಲ್ ಎತ್ತಿ ನಿಂತಿದ್ದಾಗ ನಾನು ಮಂಜುಗಡ್ಡೆಯ ಮೇಲಿನ ಸಾಲ್ಮನ್ ಮೀನುಗಳ ಕಣ್ಣು ನೋಡುತ್ತಿದ್ದೆ. ಉಬ್ಬಿದ, ಹೊಳೆಯುವ ಕಣ್ಣು; ಕಿವಿರು ಕೆಂಪು. ಮಂಗಳೂರಿನ ಧಕ್ಕೆಯಲ್ಲಿ, ಅಂದರೆ ದೋಣಿಗಳು ಬಂದು ನಿಲ್ಲುವ ಕಟ್ಟೆಯಲ್ಲಿ, ಯಾವ ಮೀನುಗಾರ್ತಿಯೂ ಕೊಂಕು ಹೇಳಲಾಗದ ಮೀನು. ಆದರೆ ಅಲ್ಲಿಂದ ಮುಂದೆ ಒಂದು ಹೆಸರುವಾಸಿ ಕಾಫಿ ಅಂಗಡಿಯ ಸರದಿ ಸಾಲಿನ ಎದುರು ಫೋಟೋಕ್ಕಾಗಿ ಇಪ್ಪತ್ತು ನಿಮಿಷ ಕಳೆದೆವು. ಆ ಇಪ್ಪತ್ತು ನಿಮಿಷ ಕೊನೆಯಲ್ಲಿ ಎಷ್ಟು ಬೇಕಾಗಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಮಾರುಕಟ್ಟೆ ಇರುವುದು ಗುಡ್ಡದ ಮೇಲೆ, ಕಡಲು ಸುಮಾರು ನೂರು ಅಡಿ ಕೆಳಗೆ. ಎರಡನ್ನೂ ಜೋಡಿಸುವ ಓವರ್‌ಲುಕ್ ವಾಕ್ ಎಂಬ ಅಗಲವಾದ ಇಳಿದಾರಿ 2024ರ ಅಕ್ಟೋಬರಿನಲ್ಲಿ ತೆರೆಯಿತು. ಮೆಟ್ಟಿಲು ಬೇಡದವರಿಗೆ ಲಿಫ್ಟ್ ಇದೆ. ನಡುನಡುವೆ ಕುಳಿತುಕೊಳ್ಳಲು ಜಾಗವಿದೆ, ಎದುರಿಗೆ ಎಲಿಯಟ್ ಕೊಲ್ಲಿ, ಅದರಾಚೆ ಒಲಿಂಪಿಕ್ ಪರ್ವತಗಳ ಹಿಮ. ಅರ್ಧ ದಾರಿಯಲ್ಲಿ ಆಕೆ ನಮ್ಮನ್ನು ನಿಲ್ಲಿಸಿ ಮೊಬೈಲಿನಲ್ಲಿ ಒಂದು ಶಬ್ದ ಕೇಳಿಸಿದಳು. ಭೋರ್ಗರೆತ. ನನಗೆ ಆಷಾಢದ ಕಡಲು ಎನಿಸಿತು. ಅದು ವಾಹನಗಳ ಸದ್ದಂತೆ. ನಾವು ನಿಂತಿದ್ದ ಜಾಗದ ಮುಂದೆಯೇ 1953ರಲ್ಲಿ ಎರಡಂತಸ್ತಿನ ಮೇಲ್ಸೇತುವೆ ಹೆದ್ದಾರಿ ಕಟ್ಟಿದ್ದರು. ಊರಿಗೂ ಕಡಲಿಗೂ ನಡುವೆ ಅರವತ್ತಾರು ವರ್ಷ ಅದೇ ಗೋಡೆಯಾಗಿ ನಿಂತಿತ್ತು. 2001ರ ಫೆಬ್ರುವರಿ 28ರ ಭೂಕಂಪದಲ್ಲಿ ಅದು ಜಖಂಗೊಂಡಿತು. ಬದಲಿಗೆ ನೆಲದಡಿ ಸುರಂಗ ಕೊರೆಯಲು ತಂದ ಯಂತ್ರ, ಹದಿನೇಳೂವರೆ ಮೀಟರ್ ವ್ಯಾಸದ್ದು, 2013ರ ಡಿಸೆಂಬರಿನಲ್ಲಿ ದಾರಿಯಲ್ಲೇ ಕೆಟ್ಟು ನಿಂತು, 2017ರ ಏಪ್ರಿಲಿನಲ್ಲಿ ಆಚೆ ತುದಿ ಮುಟ್ಟಿತು. 2019ರಲ್ಲಿ ಸುರಂಗ ತೆರೆದು ಸೇತುವೆಯನ್ನು ಕೆಡವಿದರು. ಆಕೆ ಧ್ವನಿಮುದ್ರಣ ನಿಲ್ಲಿಸಿದಾಗ ಕಡಲ ಕಾಗೆಗಳ ಕೂಗು ಕೇಳಿಸಿತು. ಇಷ್ಟು ಸರಳವಾಗಿ ಒಂದು ಊರಿನ ಬದಲಾವಣೆಯನ್ನು ಯಾರೂ ನನಗೆ ತೋರಿಸಿರಲಿಲ್ಲ. ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ಆಕೆ ಒಳ್ಳೆಯ ಮೇಷ್ಟರು ಎಂದು ಧೈರ್ಯವಾಗಿ ಹೇಳುತ್ತೇನೆ.

ಕೆಳಗಿಳಿದು ಕಡಲಂಚಿನ ಕಾಲುದಾರಿಗೆ ಬಂದೆವು. ಎಲ್ಲರ ಕಣ್ಣು 175 ಅಡಿ ಎತ್ತರದ ತಿರುಗುಚಕ್ರದ ಮೇಲೆ. ಆಕೆ ಮಾತ್ರ ಕೆಳಗೆ ನೋಡಿ ಎಂದಳು. ಕಾಲಡಿಯಲ್ಲಿ ಕಾಂಕ್ರೀಟಿನೊಳಗೆ ಕೂರಿಸಿದ ದಪ್ಪ ಗಾಜಿನ ಬಿಲ್ಲೆಗಳು, ಸಾಲುಸಾಲಾಗಿ, ಉದ್ದಕ್ಕೂ. ಅಲಂಕಾರಕ್ಕೆ ಹಾಕಿದ್ದು ಎಂದುಕೊಂಡು ನಾನು ಅದರ ಮೇಲೇ ನಡೆದು ಬಂದಿದ್ದೆ.

ಆಗ ಆಕೆ ಚೀಲದಿಂದ ಒಂದು ಮರದ ತುಂಡು ತೆಗೆದು ನನ್ನ ಕೈಗಿತ್ತಳು. ದಂಡೆಯಲ್ಲಿ ಸಿಕ್ಕಿದ್ದು. ಜೇನುಗೂಡಿನಂತೆ ತೂತು, ಅವಲಕ್ಕಿಯಷ್ಟು ಹಗುರ. ಇಲ್ಲಿನ ಹಳೆಯ ಕಡಲಗೋಡೆಯನ್ನು 1916ರಿಂದ 1930ರ ದಶಕದವರೆಗೆ ಹಂತಹಂತವಾಗಿ ಕಟ್ಟಿದ್ದರು, ಅದರ ಒಳಗಿನ ಆಧಾರವೆಲ್ಲ ಮರ. ಆ ಮರವನ್ನು ಗ್ರಿಬಲ್ ಎಂಬ, ಅಕ್ಕಿಕಾಳಿಗಿಂತ ಚಿಕ್ಕದಾದ ಸೀಗಡಿ ವರ್ಗದ ಜೀವಿ ತಿಂದು ಪೊಳ್ಳು ಮಾಡಿತ್ತು. ಮೇಲೆ ರಸ್ತೆ, ರಸ್ತೆಯ ಮೇಲೆ ಹೆದ್ದಾರಿ, ಅಡಿಯಲ್ಲಿ ಹುಳು ತಿಂದ ಮರ! ನಮ್ಮ ಕಡೆ ದೋಣಿಯ ಮರ ಕೊರೆಯುವುದು ಹೆಚ್ಚಾಗಿ ಮೃದ್ವಂಗಿ ಜಾತಿಯ ಹಡಗುಹುಳು. ಅದಕ್ಕೆಂದೇ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಮಳೆಗಾಲಕ್ಕೆ ಮುಂಚೆ ದಂಡೆಯ ತುಂಬ ಹರಡುತ್ತಿದ್ದ ಆ ಘಾಟು ವಾಸನೆಯನ್ನು ಆಕೆಗೆ ವರ್ಣಿಸಿದೆ. ಆಕೆ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಹೊಸ ಗೋಡೆ ಮುಗಿದದ್ದು 2017ರಲ್ಲಿ. ಕಟ್ಟುವಾಗ ಇಲ್ಲಿನವರು ಕೇಳಿಕೊಂಡ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು: ಸಾಲ್ಮನ್ ಮರಿ ಎಲ್ಲಿ ಹೋಗಬೇಕು? ದುವಾಮಿಷ್ ನದಿಯ ಸಿಹಿನೀರಿನಲ್ಲಿ ಹುಟ್ಟಿದ ಮರಿಗಳು ವಸಂತದಲ್ಲಿ ಅಳಿವೆ ದಾಟಿ ಈ ಕೊಲ್ಲಿಗೆ ಬರುತ್ತವೆ. ಬೆರಳುದ್ದದ ಮರಿ. ಆಳ ನೀರಿನಲ್ಲಿ ದೊಡ್ಡ ಮೀನು, ಹಕ್ಕಿಗಳಿಗೆ ತುತ್ತಾಗುತ್ತವೆ, ಹಾಗಾಗಿ ದಂಡೆಗೆ ಅಂಟಿಕೊಂಡೇ ಈಜುತ್ತವೆ. ಆದರೆ ದಂಡೆಯ ಮೇಲೆಲ್ಲ ಧಕ್ಕೆಗಳು. ಅವುಗಳ ಅಡಿ ಗಾಢ ಕತ್ತಲೆ. ಬೆಳಕು ಮುಗಿಯುವ ಗೆರೆಗೆ ಬಂದ ಮರಿಗಳು ಮುಂದೆ ಹೋಗಲು ಅಂಜಿ ಅಲ್ಲೇ ಸುತ್ತುತ್ತವೆ, ಇಲ್ಲವೇ ಸುತ್ತುಬಳಸಿ ಆಳಕ್ಕೆ ಹೋಗಿ ಸಾಯುತ್ತವೆ. ಅದಕ್ಕೆ ಕಾಲುದಾರಿಯನ್ನೇ ನೀರಿನ ಮೇಲೆ ಚಾಚಿ, ಗಾಜು ಕೂರಿಸಿ, ಬಿಸಿಲು ಕೆಳಗಿಳಿಯುವಂತೆ ಮಾಡಿದ್ದಾರೆ. ನೀರು ಆಳವಾಗಿದ್ದ ಕಡೆ ಕಲ್ಲು ತುಂಬಿದ ಚೀಲಗಳನ್ನು ಹಾಸಿ ತಳವನ್ನು ಎತ್ತರಿಸಿದ್ದಾರೆ. ಗೋಡೆಯ ಮುಖ ನುಣುಪಾಗಿಲ್ಲ, ಬೇಕೆಂದೇ ಉಬ್ಬುತಗ್ಗು, ಚಾಚುಗಳು; ಪಾಚಿ ಹಿಡಿಯಲಿ, ಮರಿಗಳು ತಿನ್ನುವ ಸಣ್ಣ ಜೀವಿಗಳು ಅಲ್ಲಿ ನೆಲೆಸಲಿ ಎಂದು.

ನಾನು ಅಂಚಿನ ಕಂಬಿಯ ಮೇಲೆ ಬಾಗಿ ನೋಡಿದೆ. ಇಳಿತದ ಹೊತ್ತು. ಇಲ್ಲಿ ಏರಿಳಿತ ಸುಮಾರು 11 ಅಡಿ, ನಮ್ಮ ಕರಾವಳಿಯಲ್ಲಿ ಅದು ಆಳೆತ್ತರದ ಒಳಗೇ. ಹಸಿ ಗೋಡೆಯ ಮೇಲೆ ಪಾಚಿ, ಚಿಪ್ಪು, ಹಸಿರು. ಮರಿಗಳು ಕಾಣಲಿಲ್ಲ. ಮೇ ತಿಂಗಳು, ಅವು ಹಾಯುವ ಕಾಲವೇ, ಆದರೆ ಮೋಡ ಕವಿದು ನೀರು ಬೂದು ಬಣ್ಣಕ್ಕಿತ್ತು. ಕಾಣದಿದ್ದರೂ ನನಗೆ ಗಂಟಲು ಕಟ್ಟಿತು. ನನ್ನ ಊರಿನಲ್ಲಿ ಬಂಡೆ ಸುರಿದವರು ಮನೆ ಉಳಿಸಬೇಕು ಎಂದರು, ಅದು ನಿಜವೇ ಆಗಿತ್ತು. ದೋಣಿ ಎಳೆಯಲು ಜಾಗ ಎಲ್ಲಿ ಎಂದು ಮೀನುಗಾರರು ಕೇಳಿದ್ದರು. ಮೀನಿಗೆ ಜಾಗ ಎಲ್ಲಿ ಎಂದು ನಾನೂ ಕೇಳಲಿಲ್ಲ, ವಿಜ್ಞಾನ ಕಲಿಸುತ್ತಿದ್ದವಳು.

ಅಲ್ಲಿಂದ ದಕ್ಷಿಣಕ್ಕೆ ದೋಣಿ ನಿಲ್ದಾಣದವರೆಗೆ ನಡೆದು ಹಿಂತಿರುಗಿದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. 1897ರ ಜುಲೈ 17ರಂದು ಅಲಾಸ್ಕದ ಕಡೆಯಿಂದ ಚಿನ್ನ ಹೊತ್ತ ಹಡಗು ಬಂದು ನಿಂತದ್ದು ಇದೇ ಅಂಚಿನಲ್ಲಿ. ಅಲ್ಲಿಂದ ಈ ಊರಿನ ಅದೃಷ್ಟ ತಿರುಗಿತು. 54ನೇ ಧಕ್ಕೆಯಲ್ಲಿ 1938ರಲ್ಲಿ ಐವರ್ ಹಗ್ಲಂಡ್ ಎಂಬ ಹಾಡುಗಾರ ಸಣ್ಣದೊಂದು ಅಕ್ವೇರಿಯಂ ತೆರೆದು, ನೋಡಲು ಬಂದವರಿಗೆ ಮೀನೂಟ ಮಾರತೊಡಗಿದ. ಅಕ್ವೇರಿಯಂ ಹೋಗಿ ಊಟದ ಮನೆ ಉಳಿದಿದೆ. ತಿರುಗುಚಕ್ರ ಹತ್ತಲು ಪ್ರತ್ಯೇಕ ಹಣ, ನಾವು ಹತ್ತಲಿಲ್ಲ.

ಇನ್ನು ತಕರಾರು. ಇಂದಿನ ಸಿಯಾಟಲ್ ಅಕ್ವೇರಿಯಂ 59ನೇ ಧಕ್ಕೆಯಲ್ಲಿ 1977ರಿಂದ ಇದೆ. ಅದರ ಎದುರೇ ಓಷನ್ ಪೆವಿಲಿಯನ್ ಎಂಬ ಹೊಸ ಕಟ್ಟಡ 2024ರ ಆಗಸ್ಟಿನಲ್ಲಿ ತೆರೆದಿದೆ. ಎರಡನ್ನೂ ಸೇರಿಸಿ ನಮಗೆ ಸಿಕ್ಕಿದ್ದು ಒಂದೂಕಾಲು ಗಂಟೆ. ಗುಂಪಾಗಿ ಒಳಗೆ ಹೋಗಿ ಗುಂಪಾಗಿಯೇ ಹೊರಬರಬೇಕು ಎಂಬುದು ಪ್ರವಾಸ ಕಂಪನಿಯ ನಿಯಮ. ಇದು ಅನ್ಯಾಯ. ಮೂರು ಗಂಟೆಯ ನೋಟವನ್ನು ಒಂದೂಕಾಲು ಗಂಟೆಗೆ ಕತ್ತರಿಸಿ, ಅದಕ್ಕೆ ಅಕ್ವೇರಿಯಂ ಭೇಟಿ ಎಂದು ಹೆಸರಿಡಬಾರದು.

ಹಳೆಯ ಕಟ್ಟಡದ ಬಾಗಿಲಲ್ಲೇ ದೊಡ್ಡ ಗಾಜಿನ ಗೋಡೆ, ಅದರ ಹಿಂದೆ ನಾಲ್ಕೂವರೆ ಲಕ್ಷ ಲೀಟರ್ ನೀರು. ಹೊರಗಿನ ಕೊಲ್ಲಿಯಲ್ಲಿರುವ ಮೀನುಗಳೇ ಒಳಗೂ ಇವೆ. ಅರ್ಧ ಗಂಟೆ ಮುಂಚೆ ಬೂದು ನೀರಿನ ಮೇಲೆ ಬಾಗಿ ಏನೂ ಕಾಣದೆ ನಿಂತಿದ್ದೆನಲ್ಲ, ಅದರ ಕೆಳಗಿನದು ಈಗ ಎದುರಿಗಿತ್ತು: ಬಂಡೆಗೆ ಅಂಟಿದ ಕಡಲಹೂಗಳು, ಕಂದು ಪಾಚಿ, ಅದರ ನಡುವೆ ಹಾಯುವ ಸಾಲ್ಮನ್‌ಗಳು. ಪ್ರವಾಸದ ಕ್ರಮ ಎಷ್ಟು ಸರಿಯಾಗಿದೆ ಎಂದು ಆಗ ಅರಿವಾಯಿತು. ಮೊದಲು ಅಕ್ವೇರಿಯಂ ನೋಡಿ ಆಮೇಲೆ ಗೋಡೆ ನೋಡಿದ್ದರೆ ಎರಡೂ ಸಪ್ಪೆಯಾಗುತ್ತಿದ್ದವು.

ಕಡಲ ನೀರುನಾಯಿಗಳ ಮುಂದೆ ನನ್ನ ಗಂಡ ಕುಳಿತವರು ಏಳಲೇ ಇಲ್ಲ. ಬೆನ್ನ ಮೇಲೆ ತೇಲುತ್ತಾ ತುಪ್ಪಳ ತಿಕ್ಕಿಕೊಳ್ಳುವ ಪ್ರಾಣಿ. ಆ ತುಪ್ಪಳಕ್ಕಾಗಿಯೇ ಬೇಟೆಯಾಡಿ ಈ ರಾಜ್ಯದ ಕರಾವಳಿಯಲ್ಲಿ ಒಂದೂ ಉಳಿಯದಂತೆ ಮಾಡಿದ್ದರು. 1969 ಮತ್ತು 1970ರಲ್ಲಿ ಅಲಾಸ್ಕದ ಅಮ್ಚಿಟ್ಕ ದ್ವೀಪದಿಂದ 59 ನೀರುನಾಯಿಗಳನ್ನು ತಂದು ಇಲ್ಲಿ ಬಿಟ್ಟರು. ಇಂದು ವಾಷಿಂಗ್ಟನ್ ಕಡಲಲ್ಲಿರುವುದು ಅವುಗಳ ಸಂತಾನ. ದೈತ್ಯ ಅಷ್ಟಪದಿ ಮೂಲೆಯಲ್ಲಿ ಮುದುಡಿ ನಿದ್ರಿಸುತ್ತಿತ್ತು. ಐದು ನಿಮಿಷ ಕಾಯ್ದಿದ್ದರೆ ಒಂದು ತೋಳಾದರೂ ಬಿಚ್ಚುತ್ತಿತ್ತೋ ಏನೋ, ಅಷ್ಟರಲ್ಲಿ ಹೊರಡುವ ಕರೆ ಬಂತು.

ಹೊಸ ಕಟ್ಟಡದಲ್ಲಿ ಇಪ್ಪತ್ತೇ ನಿಮಿಷ. ಅದು ಇಂಡೋನೇಷ್ಯಾ, ಫಿಲಿಪೀನ್ಸ್ ಸುತ್ತಲಿನ ಹವಳದ ಕಡಲಿಗೆ ಮೀಸಲು. ಒಳಗೆ ಕಾಲಿಟ್ಟೊಡನೆ ಬಿಸಿ, ತೇವ. ಮೂರು ವಾರಗಳ ನಂತರ ಮೊದಲ ಬಾರಿಗೆ ಊರಿನ ಗಾಳಿ ಮೈಗೆ ತಾಗಿದ ಹಾಗೆ. ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬೇರುಗಳನ್ನು ಕಂಡು ಮಾತೇ ಹೊರಡಲಿಲ್ಲ. ಹನ್ನೆರಡು ಲಕ್ಷ ಲೀಟರಿನ ದೊಡ್ಡ ತೊಟ್ಟಿಯಲ್ಲಿ ಚಪ್ಪಟೆ ಮೈಯ ತೊರಕೆ ಮೀನುಗಳೂ ಚುಕ್ಕೆ ಮೈಯ ತಾಟೆಗಳೂ, ಅಂದರೆ ಶಾರ್ಕ್‌ಗಳೂ, ಈಜುತ್ತವೆ. ಈ ಚಿರತೆ ಚುಕ್ಕೆಯ ತಾಟೆ ಇಂಡೋನೇಷ್ಯಾದ ರಾಜಾ ಅಂಪಾಟ್ ದ್ವೀಪಗಳಲ್ಲಿ ಅಳಿದೇ ಹೋಗುವಂತಾದಾಗ, ಅಕ್ವೇರಿಯಂಗಳಲ್ಲಿ ಇಟ್ಟ ಮೊಟ್ಟೆಗಳನ್ನು ಅಲ್ಲಿಗೆ ಕಳುಹಿಸಿ ಮರಿ ಮಾಡಿಸಿ ಕಡಲಿಗೆ ಬಿಡುವ ಕೆಲಸದಲ್ಲಿ ಸಿಯಾಟಲ್ ಅಕ್ವೇರಿಯಂ ಕೂಡ ಪಾಲುದಾರ. ಒಂದು ವಿಷಯ ಹೇಳಿಬಿಡಬೇಕು: ಈ ತೊಟ್ಟಿಯ ತಳಕ್ಕೆ ಒಂದು ದುಂಡು ಗಾಜಿನ ಕಿಂಡಿ ಇದೆ, ಹೊರಗಿನ ಅಂಗಳದಲ್ಲಿ ನಿಂತು ಟಿಕೆಟ್ ಇಲ್ಲದೆಯೇ ಅದರ ಮೂಲಕ ಮೇಲೆ ನೋಡಬಹುದು. ತಾಟೆಯ ಬಿಳಿ ಹೊಟ್ಟೆ ನಿಮ್ಮ ತಲೆಯ ಮೇಲೆ ಹಾದುಹೋಗುತ್ತದೆ.

ಹೋಗುವವರು ಹೀಗೆ ಮಾಡಿ: ಕಂಪನಿಯವರಲ್ಲಿ ಅಕ್ವೇರಿಯಂ ಇಲ್ಲದ, ನಡಿಗೆ ಮಾತ್ರದ ಪ್ರವಾಸ ಇದೆಯೇ ಎಂದು ಮೊದಲೇ ಕೇಳಿ. ಇದ್ದರೆ ಅದನ್ನೇ ತೆಗೆದುಕೊಂಡು, ಮಧ್ಯಾಹ್ನ ಸ್ವಂತ ಟಿಕೆಟಿನಲ್ಲಿ ಒಳಗೆ ಹೋಗಿ ಸಂಜೆಯವರೆಗೆ ಇರಿ. ಮೇ ತಿಂಗಳಲ್ಲೂ ಸ್ವೆಟರ್ ಬೇಕು. ಊಟ ಪ್ರವಾಸದಲ್ಲಿ ಸೇರಿಲ್ಲ, ನಾವು ಮಗಳು ಕಟ್ಟಿಕೊಟ್ಟ ಚಪಾತಿಯನ್ನು ಮೆಟ್ಟಿಲ ಮೇಲೆ ಕುಳಿತು ತಿಂದೆವು. ಮಾರ್ಗದರ್ಶಿಯ ಬಳಿ ಪ್ರಶ್ನೆ ಕೇಳಲು ಹಿಂಜರಿಯಬೇಡಿ, ಆಕೆಗೆ ಅದೇ ಸಂತೋಷ.

ಆ ರಾತ್ರಿ ಗಾಜಿನ ಬಿಲ್ಲೆಗಳ ಚಿತ್ರವನ್ನು ಉಳ್ಳಾಲದ ತಮ್ಮನಿಗೆ ಕಳುಹಿಸಿ ಫೋನಿನಲ್ಲಿ ಎಲ್ಲವನ್ನೂ ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು, “ಅಕ್ಕ, ಅಲ್ಲಿ ಅಲೆ ಎಷ್ಟು ಎತ್ತರ ಬರುತ್ತದೆ?” ಎಂದ. ಅದು ಒಳಗಡಲು, ಆಷಾಢದ ಅಲೆ ಅಲ್ಲಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಮ್ಮಲ್ಲಿ ಗಾಜು ನಿಲ್ಲುವುದಿಲ್ಲ. ಆ ಉಬ್ಬುತಗ್ಗಿನ ಗೋಡೆಯ ಚಿತ್ರ ಇದೆಯಾ? ಅದನ್ನು ಕಳುಹಿಸು” ಎಂದ. ಇರಲಿಲ್ಲ. ಮರುದಿನ ಬೆಳಿಗ್ಗೆ ಮಗಳ ಕಾರಿನಲ್ಲಿ ಮತ್ತೆ ಹೋಗಿ, ಇಳಿತಕ್ಕೆ ಕಾದು ನಿಂತು, ತೆಗೆದು ಕಳುಹಿಸಿದೆ.